ಅಡ್ವಾನ್ಸ್ ಕೊಡದೆ ನಾಲ್ಕು ಮನೆ ಕಟ್ಟಿಸಿದೆ: ನನ್ನ ಅನುಭವ

"ಅಡ್ವಾನ್ಸ್ ಇಲ್ದ ಯಾವ ಕಾಂಟ್ರ್ಯಾಕ್ಟರ್ ಬರ್ತಾನ್ರೀ, ಸಾಹೇಬ್ರ?" ಅಂತ ಸಿಮೆಂಟ್ ಅಂಗಡಿಯವರು ಕೇಳಿದರು. ಪ್ಲ್ಯಾನ್ ಮಾಡಿಕೊಟ್ಟ ಇಂಜಿನಿಯರ್ ಕೂಡ ಅದನ್ನೇ ಕೇಳಿದರು. ನನ್ನ ಸೋದರಮಾವ ಅಂತೂ ಸೈಟ್ ಮಾರಿಬಿಡು ಎಂದರು. ಈಗ ಹುಬ್ಬಳ್ಳಿಯ ಭೈರಿದೇವರಕೊಪ್ಪದ ಹತ್ತಿರ ಮೂರು ಗುಂಟೆಯಲ್ಲಿ ನಾಲ್ಕು ಮನೆ ನಿಂತಿವೆ. ಎರಡು ಮಾರಿದ್ದೇನೆ, ಎರಡು ಬಾಡಿಗೆಗೆ ಕೊಟ್ಟಿದ್ದೇನೆ. 8 ಮನೆಯೊಳಗೆ, 500 ಚದರ ಮೀಟರಿನೊಳಗೆ ಇದ್ದುದರಿಂದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಬೇಕಾಗಲಿಲ್ಲ.

ಈ ಹಟ ಬಂದಿದ್ದು ಮೊದಲ ಪೆಟ್ಟಿನಿಂದ. 2018ರಲ್ಲಿ ಕುಸುಗಲ್ ರಸ್ತೆ ಕಡೆ ಎರಡು ಮನೆ ಶುರು ಮಾಡಿದ್ದೆ. ಎಲ್ಲರೂ ಸಾಮಾನು ಸಮೇತ ಚದರ ಅಡಿಗೆ 1,650ರ ಆಸುಪಾಸು ಹೇಳಿದರೆ ಒಬ್ಬ 1,450ಕ್ಕೆ ಒಪ್ಪಿದ. 6 ಲಕ್ಷ ಅಡ್ವಾನ್ಸ್ ಕೊಟ್ಟೆ. ಗೋಡೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲು-ಕಿಟಕಿಯ ತಲೆಮಟ್ಟಕ್ಕೆ ಬರುವಷ್ಟರಲ್ಲಿ ನನ್ನಿಂದ 14 ಲಕ್ಷ ಹೋಗಿತ್ತು. ದೀಪಾವಳಿಗೆ ಊರಿಗೆ ಹೋದ ಆಳುಗಳು ವಾಪಸ್ ಬರಲಿಲ್ಲ, ಅವನೂ ಬರಲಿಲ್ಲ. ಬೇರೆ ಇಂಜಿನಿಯರ್ ಅಳತೆ ಹಾಕಿದರೆ ಆಗಿದ್ದ ಕೆಲಸ ಒಂಬತ್ತೂವರೆ ಲಕ್ಷದ್ದು. ಮುಂದಿನ ಮಳೆಗಾಲ ಮುಗಿದ ಮೇಲೆ ಗೋಡೆಯಲ್ಲಿ ಓರೆಯಾಗಿ ಬಿರುಕು ಬಿಟ್ಟಿತು. ಕೆದರಿ ನೋಡಿದರೆ ಪಾಯ ನಾಲ್ಕೇ ಅಡಿ, ಅದೂ ಎರೆಮಣ್ಣಿನ ಮೇಲೆಯೇ ಕೂತಿತ್ತು. ಗರಸು, ಅಂದರೆ ಕೆಳಗಿನ ಗಟ್ಟಿ ಕಲ್ಲುಮಣ್ಣು ಸಿಗುವವರೆಗೆ ತೋಡಿರಲೇ ಇಲ್ಲ. ಆ ಮನೆ ಸರಿ ಮಾಡಿಸಲು ಹೋದ ದುಡ್ಡು ನೆನೆದರೆ ಈಗಲೂ ಸಂಕಟವಾಗುತ್ತದೆ.

ಎರಡನೇ ಸಲ ರೇಟ್ ಕೇಳುವ ಮೊದಲು ಹಳೇ ಕೆಲಸ ನೋಡಿದೆ. ಏಳು ಜನರ ಪಟ್ಟಿ ಇತ್ತು. ಒಬ್ಬೊಬ್ಬರೂ ಕಟ್ಟಿ ಮೂರು ವರ್ಷವಾದ ಮನೆಗೆ ಆಗಸ್ಟ್ ತಿಂಗಳ ಮಳೆಯಲ್ಲೇ ಹೋದೆ. ಮಾಲೀಕರನ್ನಲ್ಲ, ಬಾಡಿಗೆಯವರನ್ನು ಮಾತಾಡಿಸಿದೆ. ಬಾತ್‌ರೂಮಿನ ಹಿಂದಿನ ಗೋಡೆಗೆ ಅಂಗೈ ಒತ್ತಿ ನೋಡಿದೆ. ನಾಲ್ಕು ಕಡೆ ಅಂಗೈಗೆ ತಂಪು ಹತ್ತಿತು, ಒಂದು ಕಡೆ ಸುಣ್ಣವೇ ಕೈಗೆ ಬಂತು. ಉಳಿದವರು ಇಬ್ಬರು. ಹಾರ್ಡ್‌ವೇರ್ ಅಂಗಡಿಯಲ್ಲಿ ಅವರಿಬ್ಬರ ಉದ್ರಿ ಹೇಗಿದೆ ಅಂತ ವಿಚಾರಿಸಿದೆ. ಕೊನೆಗೆ ಅವರ ಹತ್ತಿರ ದುಡಿದ ಗೌಂಡಿಗಳಿಗೆ ಒಂದೇ ಒಂದು ಪ್ರಶ್ನೆ ಕೇಳಿದೆ. ಅದು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆಯಿಂದಲೇ ಉತ್ತರ ತಯಾರಾಗಿರುತ್ತದೆ.

ಆ ಇಬ್ಬರಲ್ಲಿ ಒಬ್ಬರಿಗೆ ಕೆಲಸ ಕೊಟ್ಟೆ. ಅಡ್ವಾನ್ಸ್ ಇಲ್ಲದೆ ಅವರು ಒಪ್ಪಿದ್ದು ಹೇಗೆ? ಸಾಮಾನು ನನ್ನದು, ಕೂಲಿ ಮತ್ತು ಸೆಂಟ್ರಿಂಗ್ (ಸ್ಲ್ಯಾಬ್ ಹಾಕಲು ಕಟ್ಟುವ ಹಲಗೆ, ಆಸರೆ) ಅವರದು, ಚದರ ಅಡಿಗೆ 360. ಕೆಲಸ ಶುರುವಾಗುವ ಮೊದಲೇ ಕಬ್ಬಿಣ ಮತ್ತು 200 ಚೀಲ ಸಿಮೆಂಟ್ ಶೆಡ್ಡಿನಲ್ಲಿ ಇಳಿಸಿ ತೋರಿಸಿದೆ. ಶುಕ್ರವಾರ ಸಂಜೆ ಇಬ್ಬರೂ ಸೇರಿ ಅಳತೆ, ಶನಿವಾರ ಮಧ್ಯಾಹ್ನ ಆಳುಗಳ ಕೂಲಿ ಬಟವಾಡೆಗೆ ಮೊದಲೇ ಅವರ ಖಾತೆಗೆ ಹಣ. ಪ್ರತಿ ಬಿಲ್ಲಿನಲ್ಲಿ 5 ಪರ್ಸೆಂಟ್ ಹಿಡಿದಿಟ್ಟೆ, ಅದನ್ನು ಕೊಡುವುದು ಒಂದು ಮಳೆಗಾಲ ಕಳೆದ ಮೇಲೆ. ಕಾಂಟ್ರ್ಯಾಕ್ಟರಿಗೆ ನಿಜವಾಗಿ ಹೆದರಿಕೆ ಇರುವುದು ಶನಿವಾರದ ಬಟವಾಡೆಯದು. ಅದು ಹೋದರೆ ಅಡ್ವಾನ್ಸ್ ಮಾತು ತಾನೇ ಹೋಗುತ್ತದೆ. 44 ವಾರಗಳಲ್ಲಿ ಒಂದು ಶನಿವಾರವೂ ನಾನು ತಪ್ಪಿಸಲಿಲ್ಲ.

ಸಾಮಾನು ನಮ್ಮ ಕೈಯಲ್ಲಿದ್ದರೆ ಮೋಸ ಅಂಗಡಿ ಕಡೆಯಿಂದ ಬರುತ್ತದೆ. 12 ಎಂಎಂ ಕಬ್ಬಿಣ ಒಂದು ಮೀಟರ್ ಅಂದರೆ 888 ಗ್ರಾಂ ಇರಬೇಕು. ಒಂದು ಲೋಡಿನಿಂದ ಮೂರು ತುಂಡು ಕತ್ತರಿಸಿ ಪಕ್ಕದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟೆ. ಮೂರೂ 820ರ ಹತ್ತಿರವೇ ನಿಂತವು. ಲೋಡ್ ವಾಪಸ್ ಕಳಿಸಿದೆ. ಎರಡು ದಿನ ಕೆಲಸ ನಿಂತಿತು, ಆ ಎರಡು ದಿನದ ಕೂಲಿ ನಾನೇ ಕೊಟ್ಟೆ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಮೊದಲ ಸ್ಲ್ಯಾಬ್ ದಿನ ಜಗಳವೂ ಆಯಿತು. ಕಲಸಿದ್ದು ಬೇಗ ಹರಿಯಲಿ ಅಂತ ಹುಡುಗ ಪೈಪಿನಿಂದ ಸುಮ್ನೆ ನೀರು ಬಿಡುತ್ತಿದ್ದ. ನೀರು ಹೆಚ್ಚಾದರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ. ಮಷಿನ್ ನಿಲ್ಲಿಸಿ, ಚೀಲಕ್ಕೆ ಇಷ್ಟೇ ಬಕೆಟ್ ಅಂತ ಗುರುತು ಹಾಕಿದ ಬಕೆಟ್ ಇಟ್ಟೆ. ಬಲ ಪರೀಕ್ಷಿಸಲು ಅದೇ ಕಾಂಕ್ರೀಟಿನಿಂದ ಆರು ಕ್ಯೂಬ್ ತುಂಬಿಸಿ ಲ್ಯಾಬಿಗೆ ಕಳಿಸಿದೆ. ಎಂ-20 ದರ್ಜೆಯ ಕಾಂಕ್ರೀಟಿಗೆ ಕೇಳುವ ಬಲ ಚದರ ಮಿಲಿಮೀಟರಿಗೆ 20 ನ್ಯೂಟನ್, ನನ್ನವು 28 ದಿನಕ್ಕೆ 24-25 ಕೊಟ್ಟವು. ರಿಪೋರ್ಟ್ ಇನ್ನೂ ಇಟ್ಟುಕೊಂಡಿದ್ದೇನೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಕಂಪೌಂಡ್ ಗೋಡೆಯ ಒಂದು ಕಡೆ ಹೊಳೆ ಉಸುಕಿನ ಗಿಲಾವು, ಇನ್ನೊಂದು ಕಡೆ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಉಸುಕು. ಎರಡೇ ವಾರಕ್ಕೆ ಎಂ-ಸ್ಯಾಂಡ್ ಕಡೆ ಕೂದಲೆಳೆಯಂಥ ಬಿರುಕು. ಗಿಲಾವಿಗೆ ಜರಡಿ ಹಿಡಿದ ಸಣ್ಣ ಉಸುಕು, ಪಿ-ಸ್ಯಾಂಡ್ ತರಿಸಿ, ಏಳು ದಿನ ದಿನಕ್ಕೆ ಮೂರು ಸಲ ನೀರು ಹೊಡೆಸಿದೆ, ಆಮೇಲೆ ಸರಿಹೋಯಿತು. ಒಳಗಿನ ಗೋಡೆಗಳಿಗೆಲ್ಲ ಅದನ್ನೇ ಹಾಕಿಸಿದೆ.

4,200 ಚದರ ಅಡಿಗೆ ಒಟ್ಟು 73 ಲಕ್ಷದ ಹತ್ತಿರ ಹೋಯಿತು. ಈ ಎರಡನೇ ಸಲ ಸಾಮಾನು ಸಮೇತ ಹೇಳಿದ್ದ ರೇಟಿನಲ್ಲಿ 82 ಲಕ್ಷ ದಾಟುತ್ತಿತ್ತು. ಪಾಯ ಮಾತ್ರ ಆರೂವರೆ ಅಡಿ, ಗರಸು ಸಿಗುವವರೆಗೆ ತೋಡಿಸಿದೆ. ಅಲ್ಲಿ ಉಳಿಸಲು ಹೋಗಲಿಲ್ಲ.

ಮಳೆಗಾಲ ಮುಗಿದ ಮೇಲೆ ಕಾಂಟ್ರ್ಯಾಕ್ಟರ್ ಬಂದರು. ಇಬ್ಬರೂ ನಾಲ್ಕೂ ಬಾತ್‌ರೂಮಿನ ಹಿಂದಿನ ಗೋಡೆಗಳಿಗೆ ಅಂಗೈ ಒತ್ತಿ ನೋಡಿದೆವು. ಒಣಗಿದ್ದವು. ಹಿಡಿದಿಟ್ಟಿದ್ದ 75 ಸಾವಿರ ಅಲ್ಲೇ ನಿಂತು ಕಳಿಸಿದೆ. "ಮುಂದಿನ ಸೈಟ್ ಯಾವಾಗರೀ?" ಎಂದು ಕೇಳಿದರು. ಅಡ್ವಾನ್ಸಿನ ಮಾತು ಎತ್ತಲಿಲ್ಲ.