ಕೆರೆ ಸಂಶೋಧನೆ ಕೆಲಸದ ಅರ್ಜಿ: ನನಗೆ ದಾರಿ ಸಿಕ್ಕಿದ್ದು ಹೀಗೆ

ಸಿಹಿನೀರಿನ ಸಂರಕ್ಷಣೆ ಮಾಡುವ ಸಂಸ್ಥೆಯೊಂದು ಅರ್ಜಿ ಜೊತೆ ಫೀಲ್ಡ್‌ವರ್ಕ್ ಮಾದರಿ ಕೇಳಿತ್ತು. ದಾವಣಗೆರೆಯಲ್ಲಿ ಎಂ.ಎಸ್ಸಿ. ಮುಗಿಸಿದ ನನ್ನ ಹತ್ತಿರ ಲ್ಯಾಬ್ ರಿಪೋರ್ಟ್ ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮ ಜಿಲ್ಲೆಯಲ್ಲೇ, ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆ ಇದೆಯಲ್ಲ, ಅಲ್ಲಿಗೇ ಹೋದೆ. 20 ಸೆಂ.ಮೀ. ಅಗಲದ ದುಂಡು ತಟ್ಟೆಗೆ ಕಪ್ಪು-ಬಿಳಿ ಬಣ್ಣ ಬಳಿದು, ಅಳತೆ ಗುರುತು ಹಾಕಿದ ಹಗ್ಗ ಕಟ್ಟಿ, ತೆಪ್ಪದಿಂದ ನೀರಿಗೆ ಇಳಿಸಿದೆ. ಅದು ಕಣ್ಮರೆಯಾಗುವ ಆಳವೇ ನೀರು ಎಷ್ಟು ತಿಳಿ ಅನ್ನುವುದಕ್ಕೆ ಅಳತೆ. ಸೆಕ್ಕಿ ಡಿಸ್ಕ್ ಅಂದರೆ ಇದೇ. ಕರಗಿದ ಆಮ್ಲಜನಕವನ್ನು ಮಾತ್ರ ಬೆಳಗಿನ ಜಾವ, ಮಧ್ಯಾಹ್ನ ಎರಡೂ ಹೊತ್ತು ಅಳೆಯಿರಿ. ರಾತ್ರಿಯೆಲ್ಲ ಪಾಚಿ ಉಸಿರಾಡಿ ಅದನ್ನು ಬಳಸಿಕೊಂಡಿರುತ್ತದೆ, ಹಗಲು ಬಿಸಿಲಿಗೆ ಮತ್ತೆ ಆಮ್ಲಜನಕ ಬಿಡುತ್ತದೆ. ಹಾಗಾಗಿ ಮಧ್ಯಾಹ್ನದ ಅಂಕಿ ಒಂದನ್ನೇ ನೋಡಿದರೆ ಎಂಥ ಕೆರೆಯೂ ಚೆನ್ನಾಗಿಯೇ ಕಾಣುತ್ತದೆ. ಇಷ್ಟನ್ನು ಒಂದೇ ಪುಟದಲ್ಲಿ ಬರೆದು, ಮೀನುಗಾರರು ಹೇಳಿದ್ದನ್ನೂ ಸೇರಿಸಿ ಕಳಿಸಿದೆ. ಸಂದರ್ಶನಕ್ಕೆ ಕರೆದರು, ಜಾಸ್ತಿ ಪ್ರಶ್ನೆ ಕೇಳಿದ್ದು ಆ ಪುಟದ ಮೇಲೇ.