ಒಂದೇ ಬಾಗಿಲಿಗೆ ಎರಡು ಬೀಗ

ಫೋನ್ ಬಂದಾಗ ನಾನು ಮುಂಬೈಯ ಘಾಟ್ಕೋಪರ್‌ನಲ್ಲಿ ಮೆಟ್ರೋ ಇಳಿದು, ಜನರ ಜೊತೆ ಲೋಕಲ್ ಪ್ಲಾಟ್‌ಫಾರ್ಮಿನ ಕಡೆ ನೂಕಿಸಿಕೊಂಡು ಹೋಗುತ್ತಿದ್ದೆ. ಅಪ್ಪ. "ನಿನ್ನ ಕಂಪ್ಯೂಟರ್ ನನ್ನನ್ನು ಹೊರಗೆ ಹಾಕಿತು ಮಾರಾಯ. ಬರೆದದ್ದೆಲ್ಲ ಹೋಯಿತು."

ಮುಲುಂಡ್‌ನ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇದೆ. ಎಲ್ಲರಿಗೂ ಅದೇ. ಒಂದೇ ಅಕೌಂಟ್, ಒಂದೇ ಪಾಸ್‌ವರ್ಡ್. ಅಪ್ಪ ಅದರಲ್ಲಿ ಕನ್ನಡ ಟೈಪ್ ಮಾಡುತ್ತಾರೆ, ಮಗಳು ಹೋಮ್‌ವರ್ಕ್ ಮಾಡುತ್ತಾಳೆ, ನಾನು ಬ್ಯಾಂಕ್ ಕೆಲಸ ನೋಡುತ್ತೇನೆ. ಪಕ್ಕದ ಮನೆ ಮಕ್ಕಳು ಬಂದರೆ ಮೊದಲು ಮುಟ್ಟುವುದೇ ಅದನ್ನು, ಹಾಗಾಗಿ ಬೀಗ ಬೇಕೇ ಬೇಕು. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದು ನಾನೇ. ಲಿನಕ್ಸ್‌ನಲ್ಲೇ ಆರ್ಚ್ ಅನ್ನುವ ಕುಟುಂಬದ್ದು, ಮೇಲೆ ಕಣ್ಣಿಗೆ ಕಾಣುವ ಕಿಟಕಿ, ಮೆನು ಎಲ್ಲ ಎಕ್ಸ್‌ಎಫ್‌ಸಿಇ ಅನ್ನುವ ಡೆಸ್ಕ್‌ಟಾಪಿನದು. ಹೊಟ್ಟೆಪಾಡಿಗೆ ನಾನು ಮಾಡುವುದು ಅಕೌಂಟ್ಸ್ ಕೆಲಸ. ಇದೆಲ್ಲ ಭಾನುವಾರದ ಚಟ.

ಅಪ್ಪ ಬರೆಯುತ್ತಿದ್ದದ್ದು ಫೋರ್ಟ್‌ನ ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದ ದಿನಗಳ ಬಗ್ಗೆ. ಚಾಯ್ ಕುಡಿಯಲು ಎದ್ದವರು ಮುಚ್ಚಳ ಮುಚ್ಚಿದ್ದಾರೆ. ತಿರುಗಿ ತೆರೆದಾಗ ಲಾಗಿನ್ ಪುಟ ಕಂಡಿದೆ, ಹೆಸರು, ಕೆಳಗೆ ಪಾಸ್‌ವರ್ಡ್ ಡಬ್ಬಿ. ಬೆಳಗ್ಗೆ ಆನ್ ಮಾಡಿದಾಗ ಬರುವಂಥದ್ದೇ. ಮೆಷಿನ್ ತಾನಾಗಿಯೇ ಬಂದ್ ಆಗಿ ಮತ್ತೆ ಶುರುವಾಗಿದೆ ಅಂದುಕೊಂಡು, ಪವರ್ ಬಟನ್ ಅದುಮಿ ಹಿಡಿದಿದ್ದಾರೆ. ಅವರು ಟೈಪ್ ಮಾಡುವ ಪ್ರೋಗ್ರಾಮ್ ಲಿಬ್ರೆ ಆಫೀಸ್ 10 ನಿಮಿಷಕ್ಕೊಮ್ಮೆ ತನಗಾಗಿ ಒಂದು ಪ್ರತಿ ಇಟ್ಟುಕೊಳ್ಳುತ್ತದೆ, ಅದರಿಂದ ಬಹಳಷ್ಟು ವಾಪಸ್ ಬಂತು. ಹೋದದ್ದು ಒಂದೂವರೆ ಪ್ಯಾರಾ. ಆದರೆ ಅದು ಮೇಷ್ಟ್ರ ಬಗ್ಗೆ ಇದ್ದ ಪ್ಯಾರಾ.

ಊಟ ಮಾಡುವಾಗ ಅಪ್ಪ ಒಂದು ಮಾತು ಹೇಳಿದರು: "ನಿನ್ನೆ ಇದ್ದ ಬೀಗ ಇದಲ್ಲ. ನಿನ್ನೆಯದರಲ್ಲಿ ಗಡಿಯಾರ ಇತ್ತು." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಗೆ ಏನೋ ಗೊಂದಲ ಆಗಿರಬೇಕು ಅಂದುಕೊಂಡೆ. ಗೊಂದಲ ನನಗೇ ಇತ್ತು ಅನ್ನುವುದು ಆಮೇಲೆ ಗೊತ್ತಾಯಿತು.

ಯಾಕೆಂದರೆ ದೂರು ಅದೊಂದೇ ಇರಲಿಲ್ಲ. ಮಗಳದ್ದು ಬೇರೆ: "ಅಪ್ಪಾ, ಸರಿಯಾದ ಪಾಸ್‌ವರ್ಡೇ ಹಾಕಿದ್ದೀನಿ, ತಪ್ಪು ಅಂತಿದೆ." ನಾನು ಹೋಗಿ ಒತ್ತಿದರೂ ತಪ್ಪು. ರೀಸ್ಟಾರ್ಟ್ ಮಾಡಿದರೆ ಅದೇ ಪಾಸ್‌ವರ್ಡ್ ಸಲೀಸಾಗಿ ನಡೆಯುತ್ತಿತ್ತು. ಇನ್ನೊಂದು, ಮುಚ್ಚಳ ತೆರೆದ ಕೂಡಲೇ ಬೀಗ ಬೀಳುವ ಮೊದಲು ಒಂದು ಕ್ಷಣ ಹಳೇ ಪರದೆ ಪೂರ್ತಿ ಕಾಣುತ್ತಿತ್ತು. ಬ್ಯಾಂಕ್ ಪುಟ ತೆರೆದಿದ್ದರೆ ಅದೂ.

ರಿಪೇರಿಗೆ ಮೊದಲು ಒಂದು ವಾರ ಸುಮ್ನೆ ಬರೆದಿಟ್ಟೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ನಾಲ್ಕು ಕಾಲಂ: ಬೀಗ ಹೇಗೆ ಬಿತ್ತು, ಯಾವ ಪರದೆ ಬಂತು, ಪಾಸ್‌ವರ್ಡ್ ನಡೆಯಿತಾ, ಅದಕ್ಕೂ ಮೊದಲು ಕೂತಿದ್ದವರು ಯಾರು. ಲೆಕ್ಕದವನ ಬುದ್ಧಿ. ಆದರೆ ಇಡೀ ಕತೆಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಹಾಳೆಯೇ.

ಮೂರೇ ದಿನಕ್ಕೆ ಮೊದಲ ಗುಟ್ಟು ಹೊರಬಿತ್ತು. ಕಂಟ್ರೋಲ್-ಆಲ್ಟ್-ಎಲ್ ಒತ್ತಿದರೆ ಗಡಿಯಾರದ ಪರದೆ. ಮುಚ್ಚಳ ಮುಚ್ಚಿದರೆ ಲಾಗಿನ್ ಪುಟ. 10 ನಿಮಿಷ ಸುಮ್ಮನೆ ಬಿಟ್ಟರೆ ಒಮ್ಮೆ ಅದು, ಒಮ್ಮೆ ಇದು. ಓಡುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿ ತೆಗೆದರೆ ಬೀಗ ಹಾಕುವವರು ಇಬ್ಬರಿದ್ದರು. ಒಂದು ಎಕ್ಸ್‌ಎಫ್‌ಸಿಇ ಜೊತೆಗೇ ಬಂದ ಸ್ಕ್ರೀನ್‌ಸೇವರ್. ಇನ್ನೊಂದು ಲೈಟ್-ಲಾಕರ್, ಯಾವಾಗಲೋ ಒಂದು ಹಳೇ ಸಲಹೆ ಓದಿ ನಾನೇ ಹಾಕಿ ಮರೆತದ್ದು. ಇಬ್ಬರ ರೀತಿಯೂ ಬೇರೆ. ಸ್ಕ್ರೀನ್‌ಸೇವರ್ ನಮ್ಮ ಕೆಲಸದ ಮೇಲೆಯೇ ಒಂದು ಪರದೆ ಎಳೆಯುತ್ತದೆ. ಲೈಟ್-ಲಾಕರ್ ನಮ್ಮ ಕೆಲಸವನ್ನು ಅಲ್ಲೇ ಬಿಟ್ಟು, ಬೆಳಗ್ಗೆ ಲಾಗಿನ್ ಪುಟ ತೋರಿಸುವ ಲೈಟ್‌ಡಿಎಂ ಅನ್ನುವ ಪ್ರೋಗ್ರಾಮಿನ ಪುಟವನ್ನೇ ಬೇರೆ ಕನ್ಸೋಲಿನಲ್ಲಿ, ಅಂದರೆ ಪಕ್ಕದ ಇನ್ನೊಂದು ಪರದೆಯಲ್ಲಿ, ತೆರೆದು ನಮ್ಮನ್ನು ಅಲ್ಲಿಗೆ ಕಳಿಸುತ್ತದೆ. ಕೆಲಸ ಹಿಂದೆ ಹಾಗೇ ಇರುತ್ತದೆ. ಆದರೆ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಅಪ್ಪ ಹೇಳಿದ್ದು ಅಕ್ಷರಶಃ ಸರಿ ಇತ್ತು. ಬೀಗ ಎರಡು.

ಪಾಸ್‌ವರ್ಡಿನ ಗುಟ್ಟು ನಾಲ್ಕನೇ ಕಾಲಂನಲ್ಲಿತ್ತು. ತಪ್ಪು ಅಂದದ್ದೆಲ್ಲ ಗಡಿಯಾರದ ಪರದೆಯಲ್ಲಿ, ಅದೂ ಅಪ್ಪ ಕೂತು ಎದ್ದ ಮೇಲೆ. ಮಗಳು "ಅಜ್ಜನ ಕೈಗುಣ" ಅಂತ ನಕ್ಕಳು. ಕೈಗುಣ ಅಲ್ಲ, ಕೀಲಿಮಣೆ. ಅಪ್ಪ ಕಗಪ ಅನ್ನುವ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡುತ್ತಾರೆ, ಎದ್ದು ಹೋಗುವಾಗ ಇಂಗ್ಲಿಷಿಗೆ ಬದಲಿಸುವುದಿಲ್ಲ. ಯಾಕೆ ಬದಲಿಸಬೇಕು? ಸ್ಕ್ರೀನ್‌ಸೇವರ್ ನಮ್ಮ ಕೆಲಸದೊಳಗೇ ಇರುವುದರಿಂದ ಕೀಲಿಮಣೆಯೂ ಕನ್ನಡದಲ್ಲೇ ಉಳಿಯುತ್ತದೆ. ಒಂದು ಖಾಲಿ ಫೈಲ್ ತೆರೆದು ನೋಡಿದೆ. ಮುಲುಂಡ್ ಅಂತ ಇಂಗ್ಲಿಷಿನ ಆರು ಅಕ್ಷರ ಒತ್ತಿದರೆ ಕಗಪದಲ್ಲಿ ಬರುವುದು "ಮುಲುನದ". ಪಾಸ್‌ವರ್ಡ್ ಡಬ್ಬಿಯಲ್ಲಿ ಅದು ಕಾಣುತ್ತಾ? ಕಾಣುವುದು ಚುಕ್ಕಿ ಮಾತ್ರ. ಲಾಗಿನ್ ಪುಟದ ಕೀಲಿಮಣೆ ಬೇರೆ, ಅಲ್ಲಿ ಯಾವಾಗಲೂ ಇಂಗ್ಲಿಷ್. ಅದಕ್ಕೇ ಅಲ್ಲಿ ತೊಂದರೆ ಇರಲಿಲ್ಲ.

ಸರಿ, ಹಾಗಾದರೆ ಇಂಗ್ಲಿಷಿಗೆ ಬದಲಿಸಿ ಒತ್ತಿದರೂ ಯಾಕೆ ತಪ್ಪು ಅನ್ನುತ್ತಿತ್ತು? ಇದು ಮೂರನೇ ಗಂಟು. ಆರ್ಚ್‌ನಲ್ಲಿ ಫೇಲ್‌ಲಾಕ್ ಅನ್ನುವ ಕಾವಲು ಮೊದಲಿನಿಂದಲೇ ಚಾಲೂ ಇರುತ್ತದೆ. 15 ನಿಮಿಷದೊಳಗೆ 3 ಸಲ ತಪ್ಪಿದರೆ 10 ನಿಮಿಷ ಆ ಅಕೌಂಟ್ ಬಂದ್. ಆಗ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬಿಡುವುದಿಲ್ಲ. ಮಗಳು ಗಾಬರಿಯಲ್ಲಿ ಮೂರು ಸಲ ಒತ್ತಿ ಮುಗಿಸಿರುತ್ತಿದ್ದಳು, ನಾನು ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ಈ ತಪ್ಪಿನ ಲೆಕ್ಕ ಇರುವುದು ರನ್ ಅನ್ನುವ ಫೋಲ್ಡರಿನಲ್ಲಿ. ಆ ಫೋಲ್ಡರ್ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ಮೆಷಿನ್ ಬಂದ್ ಆದರೆ ಅಳಿಸಿಹೋಗುತ್ತದೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿದ್ದದ್ದು ಅದಕ್ಕೆ. ರೀಸ್ಟಾರ್ಟ್ ಅನ್ನುವ ಮದ್ದನ್ನು ಎಷ್ಟು ವರ್ಷದಿಂದ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಅದು ಯಾಕೆ ಕೆಲಸ ಮಾಡುತ್ತದೆ ಅಂತ ಒಮ್ಮೆಯಾದರೂ ಗೊತ್ತಾಯಿತಲ್ಲ.

ಇನ್ನು ರಿಪೇರಿ. ಲೈಟ್-ಲಾಕರ್ ಒಂದನ್ನೇ ಉಳಿಸಿದರೆ ಕೀಲಿಮಣೆಯ ತೊಂದರೆ ತಾನಾಗಿಯೇ ಹೋಗುತ್ತಿತ್ತು. ಆದರೆ ಅಪ್ಪ ಮತ್ತೆ ಪವರ್ ಬಟನ್ ಹಿಡಿಯುತ್ತಾರೆ. ಸ್ಕ್ರೀನ್‌ಸೇವರ್ ಉಳಿಸಿದರೆ ಕನ್ನಡ ಕೀಲಿಮಣೆಯ ತೊಂದರೆ ಉಳಿಯುತ್ತದೆ. ಮೊದಲು ಒಂದು ಅಡ್ಡದಾರಿ ಹಿಡಿದೆ. ಲಾಕ್ ಶಾರ್ಟ್‌ಕಟ್‌ಗೆ ನನ್ನದೇ ಸ್ಕ್ರಿಪ್ಟ್, ಅಂದರೆ ಸಾಲಾಗಿ ಬರೆದಿಟ್ಟ ಅಪ್ಪಣೆಗಳ ಫೈಲ್, ಕಟ್ಟಿದೆ, ಕೀಲಿಮಣೆಯನ್ನು ಇಂಗ್ಲಿಷಿಗೆ ತಂದು ಆಮೇಲೆ ಬೀಗ ಹಾಕುವಂಥದ್ದು. ಶಾರ್ಟ್‌ಕಟ್ ಒತ್ತಿದರೆ ಚೆನ್ನಾಗಿ ನಡೆಯಿತು. ಸುಮ್ಮನೆ ಬಿಟ್ಟಾಗ ಸ್ಕ್ರೀನ್‌ಸೇವರ್ ನನ್ನ ಸ್ಕ್ರಿಪ್ಟನ್ನು ಕೇಳದೆ ತಾನೇ ಬೀಗ ಹಾಕಿಕೊಂಡಿತು. ಅಷ್ಟೇ, ಒಂದು ಭಾನುವಾರ ಹೋಯಿತು.

ಕೊನೆಗೆ ಎರಡನ್ನೂ ಕಿತ್ತು ಹಾಕಿದೆ. ಎಕ್ಸ್‌ಎಸ್‌ಎಸ್-ಲಾಕ್ ಅಂತ ಒಂದು ಪುಟ್ಟ ಪ್ರೋಗ್ರಾಮ್ ಇದೆ. ಅದು ತಾನು ಬೀಗ ಹಾಕುವುದಿಲ್ಲ, ಕಾದು ಕೂತಿರುತ್ತದೆ. ಪರದೆ ಖಾಲಿ ಬಿದ್ದ ಸುದ್ದಿ, ಮುಚ್ಚಳ ಮುಚ್ಚಿ ಮೆಷಿನ್ ಮಲಗುವ ಸುದ್ದಿ, "ಬೀಗ ಹಾಕು" ಅನ್ನುವ ಅಪ್ಪಣೆ, ಮೂರೂ ಅದಕ್ಕೆ ತಲುಪುತ್ತವೆ. ಯಾವುದು ಬಂದರೂ ನಾವು ಹೇಳಿದ ಒಂದೇ ಸ್ಕ್ರಿಪ್ಟ್ ಓಡಿಸುತ್ತದೆ. ಕಂಟ್ರೋಲ್-ಆಲ್ಟ್-ಎಲ್ ಅನ್ನೂ ಇದೇ ದಾರಿಗೆ ತಿರುಗಿಸಿದೆ. ಪವರ್ ಮ್ಯಾನೇಜರಿನ "ಮಲಗುವಾಗ ಬೀಗ ಹಾಕು" ಅನ್ನುವ ಟಿಕ್ ತೆಗೆದೆ, ಇಲ್ಲದಿದ್ದರೆ ಮತ್ತೆ ಇಬ್ಬರು ಯಜಮಾನರು. ಒಂದು ಮಾತು: ಇದು ನಡೆಯುವುದು ಲಿನಕ್ಸ್‌ನಲ್ಲಿ ಪರದೆ ನೋಡಿಕೊಳ್ಳುವ ಹಳೇ ವ್ಯವಸ್ಥೆಯಾದ ಎಕ್ಸ್11ನಲ್ಲಿ ಮಾತ್ರ, ಹೊಸದಾದ ವೇಲ್ಯಾಂಡ್‌ನಲ್ಲಿ ಅಲ್ಲ.

ಬೀಗ ಹಾಕುವ ಕೆಲಸ ಐ3ಲಾಕ್ ಅನ್ನುವ ಇನ್ನೊಂದು ಪ್ರೋಗ್ರಾಮ್‌ಗೆ ಕೊಟ್ಟೆ. ಎಕ್ಸ್‌ಎಸ್‌ಎಸ್-ಲಾಕ್ ಜೊತೆ ಬರುವ ಮಾದರಿ ಸ್ಕ್ರಿಪ್ಟಿನಲ್ಲಿ ಬೀಗಕ್ಕೆ ಮೊದಲು ಏನು, ಆಮೇಲೆ ಏನು ಅಂತ ಬರೆಯಲು ಜಾಗ ಇದೆ. ಮೊದಲಿನ ಜಾಗದಲ್ಲಿ ಕೀಲಿಮಣೆ ಬರೀ ಇಂಗ್ಲಿಷ್, ಆಮೇಲಿನ ಜಾಗದಲ್ಲಿ ಇಂಗ್ಲಿಷ್ ಮತ್ತು ಕಗಪ ಎರಡೂ ವಾಪಸ್. ಹಳೇ ಪರದೆ ಇಣುಕುತ್ತಿದ್ದದ್ದೂ ಇದರಿಂದಲೇ ನಿಂತಿತು. ಬೀಗ ಬೀಳುವ ತನಕ ಮಲಗಬೇಡ ಅಂತ, ಮೆಷಿನ್ ಮಲಗಿಸುವ ಸಿಸ್ಟಮ್‌ಡಿಯನ್ನು ಈ ಸ್ಕ್ರಿಪ್ಟ್ ತಡೆದು ಹಿಡಿಯುತ್ತದೆ. ಸಿಸ್ಟಮ್‌ಡಿ ಮಾಮೂಲಿಯಾಗಿ ಹೆಚ್ಚೆಂದರೆ 5 ಸೆಕೆಂಡ್ ಕಾಯುತ್ತದೆ, ನಮಗೆ ಒಂದು ಸೆಕೆಂಡೂ ಬೇಡ. ಫೇಲ್‌ಲಾಕ್ ಮಾತ್ರ ತೆಗೆಯಲಿಲ್ಲ, 3 ಇದ್ದದ್ದನ್ನು 6 ಮಾಡಿದೆ. ಎಷ್ಟು ಸಲ ತಪ್ಪಾಯಿತು ಅಂತ ಐ3ಲಾಕ್ ಪರದೆಯ ಮೇಲೇ ತೋರಿಸುವಂತೆಯೂ ಮಾಡಿದೆ. ಮಗಳು ಈಗ ನಾಲ್ಕಕ್ಕೆ ನಿಲ್ಲಿಸಿ ನನ್ನನ್ನು ಕರೆಯುತ್ತಾಳೆ.

ಐ3ಲಾಕ್ ಬರೀ ಒಂದು ಬಣ್ಣದ ಪರದೆ ತೋರಿಸುತ್ತದೆ, ನೋಡಿದರೆ ಮೆಷಿನ್ ಸತ್ತಂತೆ. ಅಪ್ಪನಿಗೆ ಅದಾಗದು. ಹಿಂದೆ ಚಿತ್ರ ಇಡಬಹುದು, ಆದರೆ ಅದು ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸುವುದಿಲ್ಲ. ಹಾಗಾಗಿ ಪರದೆಯ ಅಳತೆಗೇ, 1366 × 768, ಒಂದು ಚಿತ್ರ ಮಾಡಿ ದೊಡ್ಡ ಅಕ್ಷರದಲ್ಲಿ ಬರೆದೆ: "ಬರೆದದ್ದು ಒಳಗೇ ಇದೆ. ಪಾಸ್‌ವರ್ಡ್ ಹಾಕಿ ಎಂಟರ್ ಒತ್ತಿ."

ಅಪ್ಪನನ್ನು ಕೂರಿಸಿ ಮುಚ್ಚಳ ಮುಚ್ಚಿ ತೆರೆದು ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ಎರಡು ಸಲ ಓದಿದರು.

"ಒತ್ತಿರಿ ಅಂತ ಬರಿ," ಅಂದರು. "ಹಿರಿಯರಿಗೆ ಹೇಳುವುದಲ್ವಾ."

ಚಿತ್ರ ಮತ್ತೆ ಮಾಡಿದೆ.