ಕುರಿಹಟ್ಟಿಗೆ ಒಗ್ಗುವ ಮುಧೋಳ ಕ್ರಾಸ್: ಜೋಡಿ ಆರಿಸುವುದರಿಂದ ಮರಿ ಪಳಗಿಸುವವರೆಗೆ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಕುರಿಹಟ್ಟಿಗಳಲ್ಲಿ ಮುಧೋಳ ರಕ್ತ ಬೆರೆತ ನಾಯಿ ಅಪರೂಪವೇನಲ್ಲ. ಸಣ್ಣ ಸೊಂಟ, ಉದ್ದ ಮೂತಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ಇವುಗಳಲ್ಲಿ ಬಹುಪಾಲು ತಾವಾಗಿಯೇ ಆದ ಕ್ರಾಸ್‌ಗಳು. ಬೆದೆಗೆ ಬಂದ ಹೆಣ್ಣನ್ನು ಬಿಟ್ಟಿರುತ್ತಾರೆ, ಯಾವುದೋ ಗಂಡು ಬಂದು ಹೋಗಿರುತ್ತದೆ. ಅಂಥ ಸೂಲಿನಲ್ಲಿ ಒಂದು ಮರಿ ಚೆನ್ನಾಗಿ ಓಡುತ್ತದೆ, ಆದರೆ ಹಟ್ಟಿಯ ಕುರಿಮರಿಯನ್ನೇ ಹಿಡಿಯುತ್ತದೆ. ಇನ್ನೊಂದು ಕತ್ತಲಾದರೆ ಮನುಷ್ಯರ ಕಾಲಡಿಯಿಂದ ಏಳುವುದಿಲ್ಲ. ಜೋಡಿಯನ್ನು ಯೋಚಿಸಿ ಆರಿಸಿದರೆ ಇದರಲ್ಲಿ ಅರ್ಧ ತಾಪತ್ರಯ ತಪ್ಪುತ್ತದೆ. ಉಳಿದರ್ಧ ಮರಿಯ ಮೊದಲ ನಾಲ್ಕು ತಿಂಗಳಿನ ಆರೈಕೆಯಲ್ಲಿದೆ.

ಓಟದ ನಾಯಿಗೆ ದುಡಿಮೆಯ ನಾಯಿ ಕೂಡಿಸುವ ಲೆಕ್ಕ ಹಳೆಯದು. ಇಂಗ್ಲೆಂಡಿನಲ್ಲಿ ಗ್ರೇಹೌಂಡ್ ಅಥವಾ ವಿಪೆಟ್‌ಗೆ ಕುರಿ ಮೇಯಿಸುವ ಕೋಲಿಯನ್ನೋ ಟೆರಿಯರನ್ನೋ ಕೂಡಿಸಿ ಹುಟ್ಟಿಸಿದ ನಾಯಿಗೆ ಲರ್ಚರ್ ಎನ್ನುತ್ತಾರೆ. ಅಲ್ಲಿ ಅದನ್ನು ಸಾಕುವುದು ಬೆಳೆ ಹಾಳುಮಾಡುವ ಬಿಲದ ಮೊಲ ಹಿಡಿಯಲು. ನಮ್ಮ ಹೊಲದ ಮೊಲ ಬೇರೆ ಜಾತಿ. ಅದು ಬಿಲ ತೋಡುವುದಿಲ್ಲ, ಹುಲ್ಲಿನ ಬುಡದಲ್ಲಿ ಗುಳಿ ಮಾಡಿಕೊಂಡು ಮಲಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ಬೇಟೆಯನ್ನು ಅಪರಾಧವೆನ್ನುತ್ತದೆ. ಕಾಯ್ದೆಯ ಪ್ರಕಾರ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ನಾಯಿ ಬಿಟ್ಟು ಅಟ್ಟಿಸುವುದು, ಉರುಲು ಹಾಕುವುದು, ಅದಕ್ಕೆ ಪ್ರಯತ್ನಿಸುವುದೂ ಬೇಟೆಯೇ. ಹಾಗಾಗಿ ಮೊಲದ ಬೇಟೆಗೆಂದು ಇಲ್ಲಿ ಯಾರೂ ನಾಯಿ ತಯಾರು ಮಾಡಬಾರದು. ಲರ್ಚರ್ ಮಾಡುವವರಿಂದ ನಾವು ಕಲಿಯಬೇಕಾದದ್ದು ಜೋಡಿ ಕೂಡಿಸುವ ಜಾಣತನವನ್ನು ಮಾತ್ರ. ನಮ್ಮ ಕೆಲಸ ರಾತ್ರಿ ಹಟ್ಟಿ ಕಾಯುವುದು, ಬೀದಿನಾಯಿಗಳ ಹಿಂಡನ್ನೂ ಕಳ್ಳರನ್ನೂ ದೂರ ಇಡುವುದು, ಶೇಂಗಾ ಹೊಲಕ್ಕೆ ಹಂದಿ ನುಗ್ಗಿದರೆ ಬೊಗಳಿ ಎಬ್ಬಿಸುವುದು. ಗಂಗಾವತಿ ತಾಲ್ಲೂಕಿನ ಬಂಕಾಪುರದಂಥ ಜಾಗದಲ್ಲಿ ತೋಳಗಳಿವೆ. ಅವಕ್ಕೂ ಕಾಯ್ದೆಯ ರಕ್ಷಣೆ ಇದೆ. ನಾಯಿ ಹಟ್ಟಿಯ ಅಂಚಿನಲ್ಲಿ ನಿಂತು ಬೊಗಳಿದರೆ ಸಾಕು, ಬೆನ್ನಟ್ಟಿ ಹೋಗಬಾರದು.

ಯಾರಿಂದ ಏನು ಬರುತ್ತದೆ

ಮುಧೋಳದಿಂದ ಕಣ್ಣು, ಕಾಲು, ಉಸಿರು ಬರುತ್ತವೆ. ದೂರದ ಬಯಲಿನಲ್ಲಿ ಏನು ಅಲುಗಿದರೂ ಕಾಣುತ್ತದೆ, ಕಂಡ ಕ್ಷಣವೇ ಹೊರಡುತ್ತದೆ. ಇದರ ಕೊರತೆಯೂ ಇಲ್ಲೇ ಇದೆ: ಹೊರಟ ಮೇಲೆ ಕೂಗು ಕಿವಿಗೆ ಬೀಳುವುದಿಲ್ಲ. ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ, ಬೊಗಳುವುದೂ ಕಡಿಮೆ. ಬಳ್ಳಾರಿ ಜಾಲಿಯ ಪೊದೆಯೊಳಗೆ ಒಮ್ಮೆ ನುಗ್ಗಿ ಬಂದರೆ ತೊಡೆಯ ಚರ್ಮ ಬಟ್ಟೆ ಹರಿದಂತೆ ಹರಿದಿರುತ್ತದೆ.

ನಾಟಿ ನಾಯಿಯಿಂದ ದಪ್ಪ ಚರ್ಮ, ಗಟ್ಟಿ ಅಂಗಾಲು, ಸಿಕ್ಕಿದ್ದನ್ನು ಜೀರ್ಣಿಸುವ ಹೊಟ್ಟೆ, ಬೊಗಳುವ ಬುದ್ಧಿ ಬರುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ತಲೆತಲಾಂತರದಿಂದ ಕುರಿ ಜೊತೆ ನಡೆದ ಹಟ್ಟಿಯ ನಾಯಿಗೆ ಕುರಿಯನ್ನು ಕಂಡರೆ ಓಡಿಸಬೇಕು ಎನಿಸುವುದಿಲ್ಲ.

ರಕ್ತದ ಪಾಲನ್ನು ಆಣೆಯಲ್ಲಿ ಲೆಕ್ಕ ಹಾಕಿದರೆ ಸುಲಭ: ಹದಿನಾರಾಣೆ ಅಂದರೆ ಅಪ್ಪಟ ಮುಧೋಳ. ಮುಧೋಳ ಗಂಡು, ನಾಟಿ ಹೆಣ್ಣು ಕೂಡಿದರೆ ಎಂಟಾಣೆ ಮರಿ. ಹಟ್ಟಿ ಕಾವಲಿಗೆ ಇದೇ ಸರಿಯಾದ ಪಾಲು. ಎಂಟಾಣೆ ಹೆಣ್ಣಿಗೆ ಮತ್ತೆ ಮುಧೋಳ ಗಂಡು ಕೂಡಿಸಿದರೆ ಹನ್ನೆರಡಾಣೆ. ಓಟ ಹೆಚ್ಚುತ್ತದೆ, ಕುರಿಮರಿ ಓಡಿಸುವ ಚಾಳಿಯೂ ಹೆಚ್ಚುತ್ತದೆ. ದೊಡ್ಡ ತೋಟದ ಬೇಲಿಯೊಳಗೆ ಇಂಥದ್ದು ನಡೆಯಬಹುದು, ಹಟ್ಟಿಗೆ ಬೇಡ. ಎಂಟಾಣೆ ಗಂಡು, ಎಂಟಾಣೆ ಹೆಣ್ಣು ಕೂಡಿಸಿದರೆ ಎಲ್ಲವೂ ಎಂಟಾಣೆಯೇ ಆಗುತ್ತವೆ ಎಂದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೊದಲ ತಲೆಮಾರಿನ ಎಂಟಾಣೆ ಮರಿಗಳು ಒಂದಕ್ಕೊಂದು ಹೋಲುತ್ತವೆ. ಅವುಗಳನ್ನೇ ಮತ್ತೆ ಕೂಡಿಸಿದಾಗ ಅಜ್ಜ ಅಜ್ಜಿಯ ಗುಣಗಳು ಚೆದುರಿ ಬೀಳುತ್ತವೆ. ಒಂದು ಅಪ್ಪಟ ಮುಧೋಳದಂತೆ, ಒಂದು ಗಿಡ್ಡ ಕಾಲಿನದು, ಒಂದು ಅಂಜುಬುರುಕ. ಆದ್ದರಿಂದ ಪ್ರತಿ ಸಲ ಅಪ್ಪಟ ಗಂಡು, ಒಳ್ಳೆಯ ನಾಟಿ ಹೆಣ್ಣು ಇವುಗಳಿಂದಲೇ ಶುರುಮಾಡಿ.

ಅಪ್ಪಟ ಮುಧೋಳ ಹೆಣ್ಣನ್ನು ಕ್ರಾಸ್‌ಗೆ ಬಳಸಬೇಡಿ. ಅದಕ್ಕಿರುವುದೇ ನಾಲ್ಕೈದು ಸೂಲು. ಒಂದೊಂದು ಸೂಲೂ ತಳಿ ಉಳಿಸಲು ಬೇಕು. ಗಂಡು ನಮ್ಮ ಹೆಣ್ಣಿಗೆ ಕೂಡಿದರೆ ತಳಿಗೆ ನಷ್ಟವಿಲ್ಲ.

ಗಂಡು, ಹೆಣ್ಣು ನೋಡುವ ಬಗೆ

ಅಪ್ಪಟ ಗಂಡಿನ ಬಗ್ಗೆ ಅನುಮಾನವಿದ್ದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿನ ನಾಯಿಗಳನ್ನು ಒಮ್ಮೆ ನೋಡಿ ಬಂದರೆ ಕಣ್ಣು ಪಳಗುತ್ತದೆ. ಬೆಳೆದ ಗಂಡಿಗೆ ಹೆಗಲಿನ ಹತ್ತಿರ ಸುಮಾರು 70 ಸೆಂ.ಮೀ. ಎತ್ತರವಿರುತ್ತದೆ. ಎದೆಯ ಕೆಳಭಾಗ ಮೊಣಕೈವರೆಗೆ ಇಳಿದಿರಬೇಕು. ಸೊಂಟದ ಮೇಲೆ ಅಂಗೈ ಇಟ್ಟರೆ ಗಟ್ಟಿ ಮಾಂಸ ಸಿಗಬೇಕು. ಪಕ್ಕೆಲುಬಿನ ಕೊನೆಯ ಎರಡು ಮೂರು ಮೂಳೆ ಕಾಣುವುದು ಈ ತಳಿಗೆ ಸಹಜ, ಅದು ಬಡಕಲಲ್ಲ. ಬೆರಳುಗಳು ಬಿಚ್ಚಿಕೊಂಡಿದ್ದರೆ ಬಿಟ್ಟುಬಿಡಿ: ಬೇಸಿಗೆಯಲ್ಲಿ ಎರೆಹೊಲ ಬಿರುಕು ಬಿಟ್ಟಾಗ ಅಂಥ ಕಾಲೇ ಸಿಕ್ಕಿಬಿದ್ದು ಮುರಿಯುವುದು. ಎರಡೂ ಬೀಜ ಚೀಲಕ್ಕೆ ಇಳಿದಿವೆಯೇ, ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮುಂದೆ ಕತ್ತರಿಯಂತೆ ಕೂಡುತ್ತದೆಯೇ ನೋಡಿ. ಹೊಸಬರನ್ನು ಕಂಡು ದೂರ ಸರಿಯುವುದು ಸರಿ. ಮೂಲೆ ಸೇರಿ ನಡುಗುವ, ಮುಟ್ಟಲು ಹೋದರೆ ಅಂಜಿಕೆಯಿಂದ ಕಚ್ಚುವ ಗಂಡು ಎಷ್ಟೇ ಚೆಂದವಿದ್ದರೂ ಬೇಡ. ಆ ಗುಣ ಮರಿಗೆ ಇಳಿಯುತ್ತದೆ.

ಹೆಣ್ಣನ್ನು ಮಾತ್ರ ರೂಪ ನೋಡಿ ಆರಿಸಲೇಬೇಡಿ. ಕನಿಷ್ಠ ಎರಡು ಸಲ ಕುರಿ ಈಯುವ ಕಾಲವನ್ನು ಹಟ್ಟಿಯಲ್ಲೇ ಕಳೆದಿರಬೇಕು. ಕುರಿ ಈದಾಗ ಅದು ಏನು ಮಾಡುತ್ತದೆ ನೋಡಿ. ಮಾಸು ತಿಂದು, ಒದ್ದೆ ಮರಿಯನ್ನು ಮೂಸಿ, ಪಕ್ಕದಲ್ಲಿ ಮಲಗಿದರೆ ಅದಕ್ಕಿಂತ ಒಳ್ಳೆಯ ತಾಯಿ ಸಿಗದು. ಮರಿಯ ಹಿಂಗಾಲು ಬಾಯಲ್ಲಿ ಹಿಡಿದು ಎಳೆಯುವ ಹೆಣ್ಣಾದರೆ ಬೇಡ. ತೂಕ 16 ಕೆ.ಜಿ.ಗಿಂತ ಕಡಿಮೆ ಇರದಿದ್ದರೆ ಒಳ್ಳೆಯದು. ಪುಟ್ಟ ಹೆಣ್ಣಿಗೆ ಎತ್ತರದ ಗಂಡು ಕೂಡಿಸುವುದೇ ಕಷ್ಟ.

ಎರಡಕ್ಕೂ ಕೂಡಿಸುವ ಮುನ್ನ ಜನನಾಂಗ ನೋಡಲೇಬೇಕು. ಹೂಕೋಸಿನಂತೆ ಗಂಟು, ರಕ್ತ ತೊಟ್ಟಿಕ್ಕುವುದು ಕಂಡರೆ ಅದು ಕೂಡುವುದರಿಂದಲೇ ಹರಡುವ ಗೆಡ್ಡೆ. ನಮ್ಮ ಬೀದಿನಾಯಿಗಳಲ್ಲಿ ಸಾಮಾನ್ಯ. ವಿನ್‌ಕ್ರಿಸ್ಟಿನ್ ಚುಚ್ಚುಮದ್ದಿನಿಂದ ಗುಣವಾಗುತ್ತದೆ, ಆದರೆ ಗುಣವಾಗುವವರೆಗೆ ಕೂಡಿಸಬಾರದು. ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ವಸಡು ಬೆಳ್ಳಗಿರುವ, ಮೂಗಿನಿಂದ ರಕ್ತ ಬಂದಿದ್ದ ಹೆಣ್ಣಿಗೆ ಗಬ್ಬದ ಭಾರ ತಡೆಯುವುದಿಲ್ಲ.

ಕೂಡಿಸುವುದು

2017ರ ನಾಯಿ ತಳಿ ಸಂವರ್ಧನೆ ನಿಯಮಗಳ ಪ್ರಕಾರ ಹೆಣ್ಣಿಗೆ 18 ತಿಂಗಳು ತುಂಬಿರಬೇಕು, 8 ವರ್ಷ ದಾಟಿರಬಾರದು. ಒಂದರ ಹಿಂದೊಂದು ಬೆದೆಗೆ ಕೂಡಿಸುವಂತಿಲ್ಲ. ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಬೇಡ. ಮಾರಾಟಕ್ಕೆ ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು.

ರಕ್ತ ಕಂಡ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊದಲ ಎಂಟೊಂಬತ್ತು ದಿನ ಹೆಣ್ಣು ಗಂಡನ್ನು ಹತ್ತಿರ ಬಿಡುವುದಿಲ್ಲ. ಆಮೇಲೆ ರಕ್ತ ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಬಾಲದ ಬುಡ ಕೆರೆದರೆ ಬಾಲವನ್ನು ಪಕ್ಕಕ್ಕೆ ಸರಿಸಿ ನಿಲ್ಲುತ್ತದೆ. ಸಾಮಾನ್ಯವಾಗಿ 10ರಿಂದ 14ನೆಯ ದಿನದ ನಡುವೆ ಇದು ಬರುತ್ತದೆ. ಒಂದು ದಿನ ಬಿಟ್ಟು ಒಂದು ದಿನದಂತೆ ಎರಡು ಸಲ ಕೂಡಿಸಿ, ಮುಂಜಾನೆಯ ತಂಪಿನಲ್ಲಿ. ಹೆಣ್ಣನ್ನು ಗಂಡಿನ ಜಾಗಕ್ಕೆ ಒಯ್ಯಬೇಕು. ಹೊಸ ಜಾಗದಲ್ಲಿ ಗಂಡಿನ ಗಮನ ಚೆದುರುತ್ತದೆ. ಎರಡೂ ಅಂಟಿಕೊಂಡು ನಿಂತಾಗ 10ರಿಂದ 30 ನಿಮಿಷ ಹಿಡಿಯುತ್ತದೆ. ನೀರು ಎರಚುವುದು, ಬಡಿದು ಬಿಡಿಸುವುದು ಮಾಡಿದರೆ ಎರಡಕ್ಕೂ ಒಳಗಾಯವಾಗುತ್ತದೆ. ಹೆಣ್ಣಿನ ತಲೆ ಹಿಡಿದು ಸುಮ್ಮನೆ ಕೂರಿ.

ರಕ್ತ ಕಂಡ ದಿನದಿಂದ ಪೂರ್ತಿ ಮೂರು ವಾರ, ಕೂಡಿಸಿದ ಮೇಲೂ, ಹೆಣ್ಣನ್ನು ಬಾಗಿಲಿರುವ ಕೋಣೆಯಲ್ಲಿ ಕಟ್ಟಬೇಕು. ಬೇರೆ ಗಂಡು ಬಂದರೆ ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿ ಹುಟ್ಟುತ್ತವೆ. ತೋಳ ಓಡಾಡುವ ಕಡೆ ಈ ಮಾತು ಇನ್ನೂ ಗಂಭೀರ: ನಾಯಿ, ತೋಳ ಕೂಡಿದರೆ ಮರಿಯಾಗುತ್ತವೆ, ಅಳಿವಿನಂಚಿನ ತೋಳದ ಕುಲ ಕೆಡುತ್ತದೆ.

ಕಾಲವನ್ನೂ ನೋಡಿ. ಗಬ್ಬ ಸುಮಾರು 63 ದಿನ. ಆಗಸ್ಟ್–ಸೆಪ್ಟೆಂಬರಿನಲ್ಲಿ ಕೂಡಿಸಿದರೆ ಮರಿ ಅಕ್ಟೋಬರ್–ನವೆಂಬರಿಗೆ ಬೀಳುತ್ತವೆ, ಬೇಸಿಗೆ ಬರುವಷ್ಟರಲ್ಲಿ ಗಟ್ಟಿಯಾಗಿರುತ್ತವೆ. ರಾಯಚೂರಿನ ಏಪ್ರಿಲ್–ಮೇ ಬಿಸಿಲಿನಲ್ಲಿ ಹುಟ್ಟಿದ ಮರಿಗಳಲ್ಲಿ ನೀರಿನಂಶ ಬತ್ತಿ ಸಾಯುವವೇ ಹೆಚ್ಚು.

ಗಬ್ಬ, ಹೆರಿಗೆ

ಮೊದಲ ಐದು ವಾರ ಎಂದಿನ ಊಟ ಸಾಕು. ಕೊನೆಯ ಮೂರು ವಾರ ಕಾಲು ಪಾಲಿನಿಂದ ಅರ್ಧ ಪಾಲು ಹೆಚ್ಚಿಸಿ, ಮೂರು ಹೊತ್ತಿಗೆ ಹಂಚಿ. ಹಾಲೂಡಿಸುವಾಗ ಎರಡರಷ್ಟು, ಮೂರರಷ್ಟು ಬೇಕಾಗುತ್ತದೆ. ಬರೀ ಜೋಳದ ರೊಟ್ಟಿ, ಮಜ್ಜಿಗೆಯಲ್ಲಿ ಆರು ಮರಿಗೆ ಹಾಲು ಬರುವುದಿಲ್ಲ. ದಿನಕ್ಕೆ ಎರಡು ಬೇಯಿಸಿದ ಮೊಟ್ಟೆ, ಬೇಯಿಸಿದ ಮಾಂಸದ ಚೂರು ಸೇರಿಸಿ. ಗಬ್ಬದಲ್ಲಿ ಕ್ಯಾಲ್ಸಿಯಂ ಮಾತ್ರೆ ತುಂಬಬೇಡಿ. ಮೈ ತನ್ನ ಮೂಳೆಯಿಂದ ಸುಣ್ಣ ತೆಗೆಯುವುದನ್ನು ಮರೆಯುತ್ತದೆ, ಹೆತ್ತ ಎರಡು ಮೂರು ವಾರಕ್ಕೆ ನಡುಕ, ಸೆಟೆತ ಬರುತ್ತದೆ. ಹಾಗಾದರೆ ಮರಿ ಬೇರೆ ಮಾಡಿ ಆ ಗಂಟೆಯಲ್ಲೇ ಪಶುವೈದ್ಯರ ಬಳಿ ಒಯ್ಯಬೇಕು.

ಹೆರಿಗೆಗೆ ನಾಲ್ಕಡಿ ಉದ್ದ, ಮೂರಡಿ ಅಗಲದ ಮೂಲೆ ಸಾಕು, ಒಗೆದ ಗೋಣಿಚೀಲ ಹಾಸಿ. ಕೊನೆಯ ವಾರ ದಿನಕ್ಕೆರಡು ಸಲ ಗುದದಲ್ಲಿ ಥರ್ಮಾಮೀಟರ್ ಇಡಿ. ಜ್ವರಮಾನ 99 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿದರೆ ಒಂದು ದಿನದೊಳಗೆ ಹೆರಿಗೆ. ಅರ್ಧ ಗಂಟೆ ಗಟ್ಟಿಯಾಗಿ ಮುಕ್ಕಿದರೂ ಮರಿ ಬರದಿದ್ದರೆ, ಒಳಗೆ ಮರಿ ಉಳಿದಿದ್ದೂ ಎರಡು ಗಂಟೆ ಸುಮ್ಮನಾದರೆ, ಮೊದಲ ಮರಿಗೆ ಮುಂಚೆ ಹಸಿರು ಸ್ರಾವ ಬಂದರೆ ಕಾಯಬೇಡಿ. ಶಸ್ತ್ರಚಿಕಿತ್ಸೆ ಬೇಕಾದರೆ ಹೆಣ್ಣಿನಲ್ಲಿ ಮುಧೋಳ ರಕ್ತ ಇದೆಯೋ ಇಲ್ಲವೋ ವೈದ್ಯರಿಗೆ ತಿಳಿಸಿ. ಓಟದ ತಳಿಗಳು ಥಯೊಪೆಂಟಾಲ್‌ನಂಥ ಅರಿವಳಿಕೆಯಿಂದ ಎಚ್ಚರಗೊಳ್ಳುವುದು ತಡ.

ಮರಿಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗಿ. ಎಂಟು ಹತ್ತು ದಿನಕ್ಕೆ ಹುಟ್ಟಿದ ತೂಕ ಎರಡರಷ್ಟಾಗಬೇಕು. ಒಂದು ದಿನ ತೂಕ ಏರದ ಮರಿಯನ್ನು ಹಿಂದಿನ ಮೊಲೆಗೆ ಹಚ್ಚಿ, ಹಾಲು ಹೆಚ್ಚು ಅಲ್ಲೇ.

ಜಂತು, ಲಸಿಕೆ

ಕುರಿ ಸೀಮೆಯಲ್ಲಿ ಇದನ್ನು ಹಗುರವಾಗಿ ನೋಡುವಂತಿಲ್ಲ. ಕೊಯ್ದ ಕುರಿಯ ಪುಪ್ಪುಸದಲ್ಲೋ ಯಕೃತ್ತಿನಲ್ಲೋ ನೀರು ತುಂಬಿದ ಗುಳ್ಳೆ ಕಂಡು ಅದನ್ನು ಹಸಿಯಾಗಿ ನಾಯಿಗೆ ಎಸೆದರೆ, ನಾಯಿಯ ಹೊಟ್ಟೆಯಲ್ಲಿ ಸಣ್ಣ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಮೈಯಿಂದ ಮಕ್ಕಳ ಕೈಗೆ, ಬಾಯಿಗೆ ಹೋಗಿ ಮನುಷ್ಯರ ಯಕೃತ್ತಿನಲ್ಲೂ ಅದೇ ಗುಳ್ಳೆ ಏಳುತ್ತದೆ. ಸತ್ತ ಕುರಿಯ ತಲೆ ನಾಯಿ ತಿಂದರೆ ಇನ್ನೊಂದು ಜಾತಿಯ ಹುಳು. ಅದರಿಂದಲೇ ಕುರಿ ತಲೆ ವಾಲಿಸಿ ಸುತ್ತು ಹಾಕಿ ಸಾಯುವುದು. ಆದ್ದರಿಂದ ಹಸಿ ಒಳಾಂಗ ಹಾಕಬೇಡಿ, ಸತ್ತ ಕುರಿಯನ್ನು ಆಳವಾಗಿ ಹೂಳಿ. ದೊಡ್ಡ ನಾಯಿಗೆ ಕೆ.ಜಿ.ಗೆ 5 ಮಿ.ಗ್ರಾಂ. ಲೆಕ್ಕದಲ್ಲಿ ಲಾಡಿಹುಳುವಿನ ಔಷಧ ಪ್ರಾಜಿಕ್ವಾಂಟೆಲ್ ಅನ್ನು ಮೂರು ತಿಂಗಳಿಗೊಮ್ಮೆಯಾದರೂ ಕೊಡಿ. ಮರಿಗಳಿಗೆ 2, 4, 6, 8ನೆಯ ವಾರ ದುಂಡುಹುಳುವಿನ ಔಷಧ.

ಕುರಿಗೆಂದು ತಂದ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ನಾಯಿಗೆ ಹಾಕಬೇಡಿ. 1 ಮಿ.ಲೀ. ಎಂಬುದು 50 ಕೆ.ಜಿ. ಮೈಯ ಲೆಕ್ಕ, ಮರಿಗೆ ಅಷ್ಟು ಬಿದ್ದರೆ ಸಾವೇ. ಕೋಲಿ ರಕ್ತವಿದ್ದರೆ ಸಣ್ಣ ಪ್ರಮಾಣವೂ ವಿಷವಾಗಬಹುದು.

ಆರರಿಂದ ಎಂಟನೆಯ ವಾರಕ್ಕೆ ಡಿಸ್ಟೆಂಪರ್, ಪಾರ್ವೊ ಎಂಬ ಸೋಂಕು ರೋಗಗಳ ಲಸಿಕೆ, 16 ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಎಂಟು ವಾರ ತುಂಬದೆ ಯಾರಿಗೂ ಮರಿ ಕೊಡಬೇಡಿ.

ಹಟ್ಟಿಯಲ್ಲಿ ಪಳಗಿಸುವುದು

ಏಳು ವಾರದಿಂದ ಹದಿನಾರು ವಾರದವರೆಗೆ ಮರಿ ಯಾರ ಜೊತೆ ಮಲಗುತ್ತದೋ ಅವರೇ ಅದರ ಬಳಗ. ಮನೆಯ ಜಗುಲಿಯಲ್ಲಿ ಮುದ್ದಾಗಿ ಬೆಳೆದ ಎಂಟಾಣೆ ಮರಿ ಆರನೆಯ ತಿಂಗಳಿಗೆ ಹಟ್ಟಿಗೆ ಬಂದರೆ, ಓಡುವ ಕುರಿಮರಿ ಅದಕ್ಕೆ ಬೇಟೆಯಾಗಿಯೇ ಕಾಣುತ್ತದೆ. ಹಟ್ಟಿಯೊಳಗೇ ಬೇಲಿ ಹಾಕಿದ ಮೂಲೆ ಮಾಡಿ, ಎರಡು ಸಾಧು ಕುರಿ ಜೊತೆ ಬಿಡಿ. ಗುದ್ದುವ ಟಗರು ಬೇಡ. ಒಮ್ಮೆ ಗುದ್ದಿಸಿಕೊಂಡ ಮರಿ ಕುರಿಯನ್ನು ದ್ವೇಷಿಸುತ್ತದೆ. ತುಂಬಿದ ಹಟ್ಟಿಗೆ ಬಿಡುವುದನ್ನು ದಿನಕ್ಕೆ ಒಂದು ಗಂಟೆಯಿಂದ ಶುರುಮಾಡಿ.

ಐದರಿಂದ ಹತ್ತನೆಯ ತಿಂಗಳ ನಡುವೆ ಆಟವೆಂದು ಕುರಿಮರಿ ಬೆನ್ನಟ್ಟುವುದು ಬಹುತೇಕ ಎಲ್ಲ ಕ್ರಾಸ್‌ನಲ್ಲೂ ಬರುತ್ತದೆ. ಇದೇ ಹೊತ್ತಿಗೆ ಬಹಳ ಜನ ನಾಯಿ ಕೆಟ್ಟಿತೆಂದು ಊರಾಚೆ ಬಿಟ್ಟುಬಿಡುತ್ತಾರೆ. ಕೆಟ್ಟಿರುವುದಿಲ್ಲ. ಒಂದಡಿ ಉದ್ದದ ಕಟ್ಟಿಗೆ ತುಂಡನ್ನು ಕೊರಳಿನಿಂದ ಮುಂಗಾಲಿನ ಮೊಣಕಾಲಿಗೆ ತಾಗುವಂತೆ ಇಳಿಬಿಡಿ. ನಡೆಯಲು ಅಡ್ಡಿಯಿಲ್ಲ, ಓಡಿದರೆ ಬಡಿಯುತ್ತದೆ. ಜೊತೆಗೆ ಹಳೆಯ ಹೆಣ್ಣನ್ನು ಹತ್ತಿರ ಇಟ್ಟರೆ ಅದೇ ಗದರಿ ಬುದ್ಧಿ ಕಲಿಸುತ್ತದೆ. ನಾಯಿ ಕುರಿಮರಿ ಕಚ್ಚಿದ್ದನ್ನು ಕಂಡು, ಗಂಟೆ ಬಿಟ್ಟು ಬಡಿದರೆ ಅದಕ್ಕೆ ಕಾರಣವೇ ತಿಳಿಯುವುದಿಲ್ಲ.

ಓಟದ ಹಂಬಲವನ್ನು ತೀರಿಸಲೂ ಬೇಕು. ಹಗ್ಗದ ತುದಿಗೆ ಹಳೆಯ ಬಟ್ಟೆ ಕಟ್ಟಿ ಎಳೆದರೆ ಸಾಕು. ಮೂಳೆ ಬಲಿಯುವ ಮುನ್ನ, ಅಂದರೆ ಒಂದು ವರ್ಷದವರೆಗೆ, ಬೈಕಿನ ಹಿಂದೆ ಓಡಿಸಬೇಡಿ. ಓಟ ಮುಗಿದ ಮೇಲೆ ನಾಲ್ಕೂ ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಜಾಲಿ ಮುಳ್ಳು ಒಳಗೆ ಮುರಿದಿದ್ದರೆ ಹೊರಗೆ ಕಾಣುವುದು ಒಂದು ಕಪ್ಪು ಚುಕ್ಕೆ ಮಾತ್ರ. ಒತ್ತಿದ ಕೂಡಲೇ ನಾಯಿ ಕಾಲು ಎಳೆದುಕೊಳ್ಳುತ್ತದೆ. ಉಪ್ಪು ಹಾಕಿದ ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಚಿಮಟದಲ್ಲಿ ಮುಳ್ಳು ಹೊಕ್ಕ ದಾರಿಯಲ್ಲೇ ಹೊರಕ್ಕೆ ಎಳೆದು, ಪೊವಿಡೋನ್ ಅಯೋಡಿನ್ ಹಚ್ಚಿ. ಎರಡು ದಿನವಾದರೂ ಕುಂಟು ನಿಲ್ಲದಿದ್ದರೆ ತುದಿ ಒಳಗೇ ಉಳಿದಿದೆ, ವೈದ್ಯರಿಂದಲೇ ತೆಗೆಸಬೇಕು.